ಯೋಗಿ ಕರಡಿಗೆ ಟೈ ಯಾಕೆ? ಟಿವಿ ಕಾರ್ಟೂನ್ ಪಾತ್ರಗಳನ್ನು ರೂಪಿಸುವವರ ಕೆಲಸದ ಒಳಗುಟ್ಟು

ಹಳೆಯ ಅಮೆರಿಕನ್ ಟಿವಿ ಕಾರ್ಟೂನಿನ ಯೋಗಿ ಕರಡಿ ಅಂಗಿ ಹಾಕುವುದಿಲ್ಲ, ಚಡ್ಡಿಯೂ ಇಲ್ಲ. ಆದರೂ ಕೊರಳಿಗೆ ಬಿಳಿ ಕಾಲರ್ ಇದೆ, ಅದರ ಕೆಳಗೆ ಹಸಿರು ಟೈ ಇದೆ. ಜೊತೆಗಿರುವ ಪುಟ್ಟ ಬೂ-ಬೂಗೆ ಬೋ ಟೈ. ಹಕಲ್‌ಬೆರಿ ಎಂಬ ನೀಲಿ ನಾಯಿಗೂ ಬೋ ಟೈ. ಸ್ನ್ಯಾಗಲ್‌ಪಸ್ ಎಂಬ ಗುಲಾಬಿ ಸಿಂಹಕ್ಕೆ ಕಾಲರ್ ಜೊತೆಗೆ ಮುಂಗೈಗೆ ಕಫ್ ಬೇರೆ. ಮಕ್ಕಳಾಗಿದ್ದಾಗ ನೋಡಿದರೆ ಇದೆಲ್ಲ ಸುಮ್ನೆ ತಮಾಷೆಗೆ ಅನಿಸುತ್ತದೆ. ತಮಾಷೆಯೂ ಹೌದು. ಆದರೆ ಆ ಕಾಲರ್‌ಗೆ ಇನ್ನೊಂದು ಕೆಲಸವಿದೆ. ಯೋಗಿಯ ತಲೆ ಒಂದು ಹಾಳೆಯ ಮೇಲಿದೆ, ಮೈ ಇನ್ನೊಂದು ಹಾಳೆಯ ಮೇಲಿದೆ. ಎರಡೂ ಸೇರುವ ಜಾಗ ನಮ್ಮ ಕಣ್ಣಿಗೆ ಬೀಳಬಾರದು. ಕಾಲರ್ ಆ ಜಾಗವನ್ನು ಮುಚ್ಚುತ್ತದೆ.

ಟಿವಿ ಕಾರ್ಟೂನ್‌ಗೆ ಪಾತ್ರ ರೂಪಿಸುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಕಾಲರನ್ನೇ. ಚಂದದ ಚಿತ್ರ ಬಿಡಿಸುವವರು ತುಂಬ ಜನ ಇದ್ದಾರೆ. ಈ ಕೆಲಸ ಬೇರೆ. ನೀವು ಬಿಡಿಸಿದ್ದನ್ನು ನಿಮಗೆ ಪರಿಚಯವೇ ಇಲ್ಲದ ನೂರಾರು ಜನ, ಆತುರದಲ್ಲಿ, ಸಾವಿರಾರು ಸಲ ಮತ್ತೆ ಬಿಡಿಸಬೇಕು. ಆದರೂ ಅದು ಅದೇ ಕರಡಿಯಾಗಿ ಉಳಿಯಬೇಕು. ನಿಮ್ಮ ಗೆರೆ ನಿಮ್ಮ ಕೈಗಾಗಿ ಅಲ್ಲ, ಬೇರೆಯವರ ಕೈಗಾಗಿ.

ಲೆಕ್ಕ ಹಾಕಿ ನೋಡೋಣ

ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಫೋಟೊ, ಓಡುತ್ತದೆ. 7 ನಿಮಿಷದ ಒಂದು ಕಾರ್ಟೂನ್ ಎಂದರೆ 10,080 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದಿಟ್ಟರೂ ಒಂದು ಪಾತ್ರಕ್ಕೆ 5,040 ಚಿತ್ರ ಬೇಕು. ಬೆಕ್ಕು, ಇಲಿ ಎರಡೂ ಓಡುತ್ತಿದ್ದರೆ ಅದರ ಎರಡರಷ್ಟು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1957ರವರೆಗೆ ಎಂಜಿಎಂ ಸ್ಟುಡಿಯೋದಲ್ಲಿ ಟಾಮ್ ಅಂಡ್ ಜೆರ್ರಿ ಮಾಡಿದ್ದು ಹೀಗೆ. ಒಂದೊಂದು ಚಿಕ್ಕ ಚಿತ್ರಕ್ಕೂ ಹತ್ತಾರು ಸಾವಿರ ಡಾಲರ್ ಖರ್ಚಾಗುತ್ತಿತ್ತು. ಥಿಯೇಟರ್‌ನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಅದನ್ನು ತೋರಿಸುತ್ತಿದ್ದರು.

1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಹ್ಯಾನಾ ಮತ್ತು ಬಾರ್ಬೆರಾ ಅದೇ ವರ್ಷ ಸ್ವಂತ ಸ್ಟುಡಿಯೋ ಶುರು ಮಾಡಿ ಟಿವಿ ಕಡೆ ತಿರುಗಿದರು. ಟಿವಿಯಲ್ಲಿ ದುಡ್ಡು ಕಡಿಮೆ. ಮೊದಲ ಧಾರಾವಾಹಿಯ ಶುರುವಿನ 5 ನಿಮಿಷದ ಕಂತುಗಳಿಗೆ ಸಿಕ್ಕಿದ್ದು ತಲಾ 3,000 ಡಾಲರಿಗೂ ಕಡಿಮೆ. ಟಿವಿಗೆ ಸಮಯವೂ ಇಲ್ಲ. ವಾರ ವಾರ ಹೊಸ ಕಂತು ಬೇಕು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ತೆಗೆದು 22 ನಿಮಿಷ ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಒಂದೇ ಪಾತ್ರಕ್ಕೆ 15,840 ಚಿತ್ರ! ವಾರಕ್ಕೊಂದು ಸಲ ಇದು ಆಗುವ ಮಾತಲ್ಲ.

ಹಾಗಾಗಿ ಅವರು ಚಲನೆಯನ್ನೇ ಕಡಿಮೆ ಮಾಡಿದರು. ಆಗ ಪಾತ್ರಗಳನ್ನು ಸೆಲ್ ಎಂಬ ಪಾರದರ್ಶಕ ಹಾಳೆಗಳ ಮೇಲೆ ಬಿಡಿಸಿ, ಹಿಂಬದಿಗೆ ಬಣ್ಣ ತುಂಬಿ, ಹಿನ್ನೆಲೆ ಚಿತ್ರದ ಮೇಲಿಟ್ಟು ಕ್ಯಾಮರಾದಲ್ಲಿ ಒಂದೊಂದೇ ಫ್ರೇಮ್ ತೆಗೆಯುತ್ತಿದ್ದರು. ಇಡೀ ಪಾತ್ರವನ್ನು ಮತ್ತೆ ಮತ್ತೆ ಬಿಡಿಸುವ ಬದಲು ಅದನ್ನು ತುಂಡು ಮಾಡಿದರೆ? ಮೈ ಒಂದು ಸೆಲ್, ತಲೆ ಒಂದು ಸೆಲ್, ಬಾಯಿ ಒಂದು ಸೆಲ್. ಅವರ ಯೋಗಿ ನಿಂತು ಮಾತಾಡುವಾಗ ಮೈಯ ಸೆಲ್ ಅಲುಗದೆ ಅಲ್ಲೇ ಇರುತ್ತದೆ. ತಲೆ ಮೂರು ನಾಲ್ಕು ಕಡೆ ವಾಲುತ್ತದೆ. ಬಾಯಿ ಮಾತ್ರ ಬದಲಾಗುತ್ತಾ ಹೋಗುತ್ತದೆ.

ಇಲ್ಲೇ ಪಾತ್ರ ರೂಪಿಸುವವರ ಜಾಣತನ ಬೇಕಾಗುವುದು. ತಲೆಯ ಸೆಲ್ ಕೂದಲೆಳೆಯಷ್ಟು ಜರುಗಿದರೂ ಕುತ್ತಿಗೆಯ ಗೆರೆ ಕಡಿದು ಕಾಣುತ್ತದೆ. ಇನ್ನೂ ಒಂದು ತೊಂದರೆ ಇತ್ತು. ಸೆಲ್ ಪೂರ್ತಿ ಪಾರದರ್ಶಕ ಅಲ್ಲ. ಒಂದರ ಮೇಲೆ ಒಂದು ಇಟ್ಟಂತೆ ಕೆಳಗಿನ ಬಣ್ಣ ಸ್ವಲ್ಪ ಸ್ವಲ್ಪ ಮಂಕಾಗುತ್ತದೆ. ಅಂದರೆ ಒಂದೇ ಕಂದು ಬಣ್ಣ ಮೈಯಲ್ಲಿ ಒಂದು ಥರ, ತಲೆಯಲ್ಲಿ ಇನ್ನೊಂದು ಥರ ಕಾಣಬಹುದು. ನಡುವೆ ಒಂದು ಬಿಳಿ ಕಾಲರ್ ಇಟ್ಟರೆ ಎರಡೂ ತೊಂದರೆ ಮುಗಿಯಿತು. ಕಂದು ಪಕ್ಕ ಕಂದು ಬರುವುದೇ ಇಲ್ಲ! ಬಾಯಿಯದೂ ಇದೇ ಕತೆ. ಯೋಗಿಯ ಮೂತಿ ತಿಳಿ ಬಣ್ಣದ್ದು. ಶಿಲಾಯುಗದ ಕುಟುಂಬದ ಕತೆ ಫ್ಲಿಂಟ್‌ಸ್ಟೋನ್ಸ್‌ನ ನಾಯಕ ಫ್ರೆಡ್ ಫ್ಲಿಂಟ್‌ಸ್ಟೋನ್‌ನ ಬಾಯಿಯ ಸುತ್ತ ಗಡ್ಡದ ಛಾಯೆಯ ಒಂದು ತೇಪೆ. ಬಾಯಿಯನ್ನಷ್ಟೇ ಬದಲಿಸುವಾಗ ಆ ತೇಪೆಯ ಅಂಚೇ ಗಡಿಯಾಗುತ್ತದೆ.

ದುಡ್ಡಿಲ್ಲದ್ದಕ್ಕೆ ಕಲೆ ಸೊರಗಿತು ಎಂದು ಇದನ್ನು ಹೀಗಳೆದವರು ಬಹಳ. ನನಗೆ ಹಾಗೆ ಅನಿಸುವುದಿಲ್ಲ. ಚಲನೆ ಕಡಿಮೆ ಆದಾಗ ಪಾತ್ರದ ಆಕಾರವೇ ನಟನೆ ಮಾಡಬೇಕಾಯಿತು. ಸುಮ್ಮನೆ ನಿಂತಾಗಲೂ ಈ ಕರಡಿ ಜಂಭದವನು, ಈ ನಾಯಿ ಸಾಧು ಎಂದು ಗೊತ್ತಾಗಬೇಕಾಯಿತು. ಟಿವಿಯಲ್ಲಿ ಪಾತ್ರ ರೂಪಿಸುವುದು ಅಷ್ಟು ದೊಡ್ಡ ಕೆಲಸವಾಗಿದ್ದು ಈ ಕೊರತೆಯಿಂದಲೇ.

ಎಡ್ ಬೆನೆಡಿಕ್ಟ್

ಯೋಗಿ, ಹಕಲ್‌ಬೆರಿ, ಫ್ರೆಡ್ ಇವರಿಗೆಲ್ಲ ರೂಪ ಕೊಟ್ಟವರು ಎಡ್ ಬೆನೆಡಿಕ್ಟ್. 1912ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. 1930ರಲ್ಲಿ ಡಿಸ್ನಿ ಸೇರಿದರು. ಆಮೇಲೆ ಯೂನಿವರ್ಸಲ್‌ನಲ್ಲಿ ವಾಲ್ಟರ್ ಲ್ಯಾಂಟ್ಜ್ ಬಳಿ ಇದ್ದರು. 1950ರ ದಶಕದ ಶುರುವಿನಲ್ಲಿ ಎಂಜಿಎಂಗೆ ಬಂದು ಟೆಕ್ಸ್ ಏವರಿ ಎಂಬ ನಿರ್ದೇಶಕರಿಗೆ ಪಾತ್ರ ಬಿಡಿಸಿದರು. ಆ ಹೊತ್ತಿಗೆ ಯುಪಿಎ ಎಂಬ ಸ್ಟುಡಿಯೋದವರು ಹೊಸ ದಾರಿ ತೋರಿಸಿದ್ದರು. ಮೈಕೈ ತುಂಬಿದ ದುಂಡು ಪಾತ್ರಗಳ ಬದಲು ಚಪ್ಪಟೆ ಆಕಾರ, ಚೂಪು ಕೋನ, ಕಡಿಮೆ ಗೆರೆ. ಬೆನೆಡಿಕ್ಟ್‌ಗೆ ಆ ಭಾಷೆ ಒಗ್ಗಿತು. ಏವರಿ 1955ರಲ್ಲಿ ಶಿಲಾಯುಗದ ಟೆಕ್ಸಾಸ್‌ನಲ್ಲಿ ನಡೆಯುವ ಒಂದು ಚಿಕ್ಕ ಕಾರ್ಟೂನ್ ಮಾಡಿದರು. ಅದರ ವಿನ್ಯಾಸವೂ ಬೆನೆಡಿಕ್ಟ್ ಅವರದೇ. ಐದು ವರ್ಷದ ಮೇಲೆ ಬಂದ ಫ್ಲಿಂಟ್‌ಸ್ಟೋನ್ಸ್‌ನ ಕಲ್ಲಿನ ಊರಿನ ಸುಳಿವು ಅದರಲ್ಲೇ ಸಿಗುತ್ತದೆ.

ಫ್ಲಿಂಟ್‌ಸ್ಟೋನ್ಸ್‌ಗೆ ಬೆನೆಡಿಕ್ಟ್ ಮೊದಲು ಬಿಡಿಸಿದ್ದು ನಿಜವಾದ ಗುಹಾಮಾನವರಂಥ ಜನರನ್ನು. ಉದ್ದ ಗಡ್ಡ, ಕೆದರಿದ ಕೂದಲು, ಗೂನು ಬೆನ್ನು. ಬಾರ್ಬೆರಾ ಒಪ್ಪಲಿಲ್ಲ. ಇನ್ನೂ ಅಚ್ಚುಕಟ್ಟಾಗಿ ಬೇಕು ಎಂದರು. ನನಗೆ ಈ ಪ್ರಸಂಗ ಮುಖ್ಯ ಅನಿಸುತ್ತದೆ, ಯಾಕೆಂದರೆ ಈ ವೃತ್ತಿಯ ದಿನನಿತ್ಯದ ಬದುಕು ಇದೇ. ನೀವು ಮೊದಲು ಬಿಡಿಸಿದ್ದು ಟಿವಿಗೆ ಬರುವುದು ಬಹಳ ಅಪರೂಪ. ಬೇಡ ಎಂದದ್ದಕ್ಕೆ ಬೇಸರ ಮಾಡಿಕೊಳ್ಳದೆ, ಆ ಬೇಡದ ಹಿಂದೆ ಏನಿದೆ ಎಂದು ಅರ್ಥ ಮಾಡಿಕೊಳ್ಳಬೇಕು. ಇಲ್ಲಿ ಬೇಕಾಗಿದ್ದದ್ದು ಗುಹಾಮಾನವ ಅಲ್ಲ. ಗುಹೆಯಲ್ಲಿರುವ ಪಕ್ಕದ ಮನೆಯವನು. 1960ರ ಸೆಪ್ಟೆಂಬರ್ 30ರಂದು ಆ ಪಕ್ಕದ ಮನೆಯವನು ರಾತ್ರಿಯ ಮುಖ್ಯ ಸಮಯಕ್ಕೆ ಟಿವಿಗೆ ಬಂದ. 1966ರವರೆಗೆ 166 ಕಂತು ನಡೆಯಿತು.

ಹಾಳೆಯಲ್ಲಿ ಏನೇನಿರುತ್ತದೆ

ಪಾತ್ರ ರೂಪಿಸುವವರು ಕೊನೆಗೆ ಕೈಗೆ ಕೊಡುವುದು ಒಂದು ಚಿತ್ರವನ್ನಲ್ಲ. ಮಾಡೆಲ್ ಶೀಟ್ ಎಂಬ ಹಾಳೆಗಳ ಕಟ್ಟನ್ನು. ಇದನ್ನು ಪಾತ್ರದ ವ್ಯಾಕರಣ ಎನ್ನಬಹುದು.

ಮೊದಲನೆಯದು ಟರ್ನ್‌ಅರೌಂಡ್. ಅದೇ ಪಾತ್ರ ಎದುರಿನಿಂದ, ಮುಕ್ಕಾಲು ತಿರುಗಿ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ಸಾಲಾಗಿ ನಿಲ್ಲಿಸಿರುತ್ತಾರೆ. ಎಲ್ಲವನ್ನೂ ಸೀಳಿಕೊಂಡು ಅಡ್ಡಗೆರೆಗಳು ಹೋಗುತ್ತವೆ. ಕಣ್ಣಿನ ಮಟ್ಟ, ಭುಜದ ಮಟ್ಟ, ಸೊಂಟದ ಮಟ್ಟ ಎಲ್ಲ ಭಂಗಿಯಲ್ಲೂ ಒಂದೇ ಆಗಿರಬೇಕಲ್ಲ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಎದುರಿನಿಂದ ಮುದ್ದಾಗಿ ಕಾಣುವ ಮುಖಕ್ಕೆ ಪಕ್ಕದಿಂದ ನೋಡಿದರೆ ಮೂಗೇ ಇರುವುದಿಲ್ಲ. ಮುಂಗೂದಲು ಹಿಂದೆ ಎಲ್ಲಿ ಸೇರುತ್ತದೆ ಎಂದು ಬಿಡಿಸಿದವರಿಗೇ ಗೊತ್ತಿರುವುದಿಲ್ಲ. ಟರ್ನ್‌ಅರೌಂಡ್ ಸುಳ್ಳನ್ನು ಸಹಿಸುವುದಿಲ್ಲ.

ಆಮೇಲೆ ಮೈಕಟ್ಟಿನ ಹಾಳೆ. ತಲೆ ಮೊಟ್ಟೆ, ಹೊಟ್ಟೆ ಪೇರಳೆ ಹಣ್ಣು, ಕೈ ಎರಡು ಕೊಳವೆ ಎಂದು ಬಿಡಿಸಿ ತೋರಿಸುತ್ತಾರೆ. ಪಾತ್ರ ಎಷ್ಟು ತಲೆ ಎತ್ತರ ಎಂದು ಬರೆದಿರುತ್ತಾರೆ. ತಲೆಯೇ ಅಳತೆಗೋಲು. ಮೂರು ತಲೆ ಎತ್ತರ ಇದ್ದರೆ ಮಗುವಿನಂತೆ ಕಾಣುತ್ತದೆ, ಏಳು ತಲೆ ಆದರೆ ದೊಡ್ಡವರಂತೆ. ಎಲ್ಲ ಪಾತ್ರಗಳನ್ನೂ ಪಕ್ಕಪಕ್ಕ ನಿಲ್ಲಿಸಿದ ಇನ್ನೊಂದು ಹಾಳೆ ಇರುತ್ತದೆ. ಯಾರು ಯಾರ ಭುಜಕ್ಕೆ ಬರುತ್ತಾರೆ ಎಂದು ಅದರಲ್ಲಿ ನೋಡಬೇಕು.

ಮುಖಭಾವದ ಹಾಳೆ ನನಗೆ ತುಂಬ ಇಷ್ಟ. ಸಿಟ್ಟು, ನಗು, ಅಳು ಎಲ್ಲರಿಗೂ ಇರುತ್ತದೆ. ಆದರೆ ಈ ಪಾತ್ರ ಮಾತ್ರ ಸಿಟ್ಟು ಬಂದಾಗ ಏನು ಮಾಡುತ್ತದೆ? ಹುಬ್ಬು ಕೆಳಗಿಳಿಯುತ್ತದೋ, ಕೆನ್ನೆ ಉಬ್ಬುತ್ತದೋ, ಇಲ್ಲಾ ಸಿಟ್ಟನ್ನು ಮುಚ್ಚಿಟ್ಟುಕೊಂಡು ಒಂದು ಕಣ್ಣು ಮಾತ್ರ ಸಣ್ಣದಾಗುತ್ತದೋ? ಒಳ್ಳೆಯ ಹಾಳೆಯಲ್ಲಿ ಹತ್ತು ಮುಖ ನೋಡಿದರೆ ಸಾಕು, ಆ ಪಾತ್ರದ ಜೊತೆ ಹತ್ತು ನಿಮಿಷ ಮಾತಾಡಿದ ಹಾಗಿರುತ್ತದೆ.

ಬಾಯಿಯ ಹಾಳೆ ಬೇರೆಯೇ. ಮಾತಿಗೆ ತಕ್ಕ ಹಾಗೆ ಬಾಯಿ ಆಡಬೇಕು. ಆದರೆ ಒಂದೊಂದು ಶಬ್ದಕ್ಕೂ ಒಂದೊಂದು ಬಾಯಿ ಬೇಡ. ಪ, ಬ, ಮ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಹಾಗಾಗಿ ನಮ್ಮ ಪವರ್ಗಕ್ಕೆಲ್ಲ ಒಂದೇ ಚಿತ್ರ ಸಾಕು. ಆ ಎಂದು ಬಾಯಿ ತೆರೆಯುವುದು ಒಂದು, ಈ ಎಂದು ಅಗಲಿಸುವುದು ಒಂದು, ಊ ಎಂದು ಮುಂದೆ ಚಾಚುವುದು ಒಂದು, ನಾಲಗೆ ಕಾಣುವ ಲ ಒಂದು. ಹೀಗೆ ಎಂಟೊಂಬತ್ತು ಬಾಯಿಗಳಲ್ಲಿ ಇಡೀ ಮಾತು ಮುಗಿಯುತ್ತದೆ. ಇವನ್ನೂ ಪಾತ್ರದ ಸ್ವಭಾವಕ್ಕೆ ಹೊಂದುವ ಹಾಗೆ ಬಿಡಿಸಬೇಕು. ಬಾಯಿ ಬಿಡಲು ಹೆದರುವ ಪಾತ್ರದ ‘ಆ’ ಸಣ್ಣದು, ಬಡಾಯಿ ಕೊಚ್ಚುವವನದು ಕಿವಿಯವರೆಗೆ.

ಬಣ್ಣದ ಹಾಳೆಯೂ ಇರುತ್ತದೆ. ಹಗಲಿಗೆ ಒಂದು, ರಾತ್ರಿಗೆ ಒಂದು, ಕೆಲವೊಮ್ಮೆ ನೀರೊಳಗೆ ಒಂದು. ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕೆ ಬೇರೆಯೇ ಕಲಾವಿದರು ಇರುತ್ತಾರೆ. ಕಾರ್ಟೂನ್ ಪಾತ್ರಗಳು ವರ್ಷಗಟ್ಟಲೆ ಅದೇ ಬಟ್ಟೆ ಹಾಕುವುದು ಯಾಕೆ ಎಂದು ಈಗ ಊಹಿಸಬಹುದು. ಬಟ್ಟೆ ಬದಲಿಸಿದರೆ ಈ ಇಡೀ ಕಟ್ಟನ್ನು ಮತ್ತೆ ಮಾಡಬೇಕು. ಹಳೆಯ ಓಟದ ಚಿತ್ರಗಳನ್ನು ಮುಂದಿನ ಕಂತಿಗೆ ಬಳಸಲೂ ಆಗುವುದಿಲ್ಲ. ಬೆರಳು ನಾಲ್ಕೇ ಇರುವುದೂ ಹೀಗೆಯೇ. ಒಂದು ಬೆರಳು ಕಡಿಮೆ ಆದರೆ ಸಾವಿರಾರು ಗೆರೆ ಕಡಿಮೆ. ನೋಡುವವರಿಗೆ ಕೊರತೆ ಕಾಣುವುದೂ ಇಲ್ಲ.

ಇನ್ನೊಂದು ಪರೀಕ್ಷೆ ಇದೆ. ಪಾತ್ರಕ್ಕೆ ಪೂರ್ತಿ ಕಪ್ಪು ಬಣ್ಣ ತುಂಬಿ ನೆರಳಿನಂತೆ ಮಾಡಿ. ಈಗಲೂ ಯಾರೆಂದು ಗೊತ್ತಾಗುತ್ತದೆಯೇ? ಮ್ಯಾಟ್ ಗ್ರೋನಿಂಗ್ 1987ರಲ್ಲಿ ಟಿವಿಗೆ ತಂದ ಸಿಂಪ್ಸನ್ ಕುಟುಂಬವನ್ನು ಈ ದೃಷ್ಟಿಯಿಂದಲೇ ರೂಪಿಸಿದರು. ತಾಯಿ ಮಾರ್ಜ್‌ಳ ಗೋಪುರದಂಥ ಕೂದಲು, ಮಗ ಬಾರ್ಟ್‌ನ ಗರಗಸದಂಥ ತಲೆ ನೆರಳಿನಲ್ಲೂ ತಪ್ಪುವುದಿಲ್ಲ. ಬಾರ್ಟ್‌ನ ತಲೆಯಲ್ಲಿ 9 ಮೊನೆ ಇರಬೇಕು ಎಂಬುದು ಅಲ್ಲಿನ ನಿಯಮ. ಎಂಟಾದರೆ ಅದು ಬಾರ್ಟ್ ಅಲ್ಲ. ಕೂದಲಿಗೂ ಹಣೆಗೂ ನಡುವೆ ಗೆರೆಯೇ ಇಲ್ಲ, ಎರಡೂ ಹಳದಿ. ಒಂದು ಗೆರೆ ಉಳಿತಾಯವಾಯಿತು, ಅದೇ ಅವನ ಗುರುತೂ ಆಯಿತು.

ಇಷ್ಟೆಲ್ಲ ಬರೆದಿಡುವುದು ಯಾಕೆ ಎಂದರೆ, ಚಿತ್ರ ಬಿಡಿಸುವವರು ಪಕ್ಕದ ಕೋಣೆಯಲ್ಲಿ ಇರುವುದಿಲ್ಲ. 1978ರಲ್ಲಿ ಜೇಮ್ಸ್ ವಾಂಗ್ ತೈವಾನ್‌ನಲ್ಲಿ ಒಂದು ಸ್ಟುಡಿಯೋ ತೆರೆದು ಹ್ಯಾನಾ-ಬಾರ್ಬೆರಾದ ಕೆಲಸ ಮಾಡತೊಡಗಿದರು. ಸಿಂಪ್ಸನ್ಸ್ ಧಾರಾವಾಹಿಯ ಎಷ್ಟೋ ಕಂತುಗಳಿಗೆ ಚಲನೆ ಕೊಟ್ಟದ್ದು ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ. ಕತೆ ಹೊಳೆದದ್ದು ಒಂದು ಭಾಷೆಯಲ್ಲಿ, ಗೆರೆ ಎಳೆಯುವ ಕೈಯ ಭಾಷೆ ಇನ್ನೊಂದು. ನಡುವೆ ಮಾತಾಡುವುದು ಆ ಹಾಳೆ ಮಾತ್ರ. ಅಲ್ಲಿನ ಕಲಾವಿದರು ಮಧ್ಯರಾತ್ರಿ ಫೋನ್ ಮಾಡಿ ‘ಈ ಬೆಲ್ಟ್ ಹಿಂದೆ ಹೇಗಿದೆ?’ ಎಂದು ಕೇಳುವ ಹಾಗಾದರೆ ಹಾಳೆ ಸೋತಿದೆ ಎಂದೇ ಅರ್ಥ.

ಇವಾವೊ ತಕಮೊಟೊ, ಮತ್ತು ತಪ್ಪುತಪ್ಪಾದ ಒಂದು ನಾಯಿ

ಈ ವೃತ್ತಿಯಲ್ಲಿ ಒಬ್ಬರ ಬದುಕನ್ನು ಉದ್ದಕ್ಕೂ ನೋಡಬೇಕು ಎಂದರೆ ನಾನು ಇವಾವೊ ತಕಮೊಟೊ ಅವರನ್ನು ಆರಿಸಿಕೊಳ್ಳುತ್ತೇನೆ. 1925ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದರು. ಮನೆಯವರು ಜಪಾನಿನ ಹಿರೋಶಿಮಾ ಕಡೆಯವರು. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನೆಲ್ಲ ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ಬಿಡಲಿಲ್ಲ. ತಕಮೊಟೊ ಮನೆಯವರು ಹೋಗಿದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದ್ದ ಮಾಂಜನಾರ್‌ಗೆ. ಅಲ್ಲಿ 10,000ಕ್ಕೂ ಹೆಚ್ಚು ಜನ ಇದ್ದರು. ಅದೇ ಶಿಬಿರದಲ್ಲಿ ಸಿನಿಮಾಗಳಿಗೆ ಕಲಾ ನಿರ್ದೇಶನ ಮಾಡಿದ್ದವರೂ ಸಿಕ್ಕಿಬಿದ್ದಿದ್ದರು. ಆ ಹುಡುಗನಿಗೆ ಚಿತ್ರ ಬಿಡಿಸಲು ಹುರಿದುಂಬಿಸಿ, ಹೇಳಿಕೊಟ್ಟವರು ಅವರು. ಕಲಾಶಾಲೆಗೆ ತಕಮೊಟೊ ಹೋಗಿಯೇ ಇರಲಿಲ್ಲ.

ಯುದ್ಧ ಮುಗಿದ ವರ್ಷ, 1945ರಲ್ಲಿ, ಡಿಸ್ನಿಯಲ್ಲಿ ಕೆಲಸ ಕೇಳಿದರು. ನಿಮ್ಮ ಚಿತ್ರಗಳನ್ನು ತನ್ನಿ ಎಂದರು. ತೋರಿಸಲು ಏನೂ ಇರಲಿಲ್ಲ. ಅಂಗಡಿಯಿಂದ ಎರಡು ಸಾದಾ ನೋಟ್‌ಬುಕ್ ತಂದು, ಮನಸ್ಸಿಗೆ ಬಂದದ್ದನ್ನೆಲ್ಲ ಅದರ ತುಂಬ ಬಿಡಿಸಿಕೊಂಡು ಹೋದರು. ಕೆಲಸ ಸಿಕ್ಕಿತು.

ಅಲ್ಲಿ ಅವರು ಮಿಲ್ಟ್ ಕಾಲ್ ಎಂಬ ದೊಡ್ಡ ಕಲಾವಿದರ ಸಹಾಯಕರಾದರು, ಕ್ಲೀನ್‌ಅಪ್ ಕೆಲಸ ಕಲಿತರು. ಈ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಖ್ಯ ಅನಿಮೇಟರ್ ಪಾತ್ರದ ಚಲನೆಯನ್ನು ಒರಟಾಗಿ, ಹತ್ತಾರು ಗೆರೆಗಳಲ್ಲಿ ಗೀಚುತ್ತಾರೆ. ಅದರಲ್ಲಿ ಜೀವ ಇರುತ್ತದೆ, ಅಚ್ಚುಕಟ್ಟು ಇರುವುದಿಲ್ಲ. ಆ ಹತ್ತು ಗೆರೆಗಳಲ್ಲಿ ಸರಿಯಾದ ಒಂದನ್ನು ಹುಡುಕಿ, ಜೀವ ಹೋಗದ ಹಾಗೆ ತೆಗೆದಿಡುವುದೇ ಕ್ಲೀನ್‌ಅಪ್. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಪಾತ್ರ ಒಂದೇ ಎಂದು ಕಾಯುವವರೂ ಅವರೇ. ಹೊರಗಿನವರಿಗೆ ಇದು ನಕಲು ಮಾಡುವ ಕೆಲಸದಂತೆ ಕಾಣಬಹುದು. ನನ್ನ ಮಟ್ಟಿಗೆ ಪಾತ್ರ ರೂಪಿಸಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಯಾವ ಗೆರೆ ಬೇರೆಯವರ ಕೈಯಲ್ಲಿ ಉಳಿಯುತ್ತದೆ, ಯಾವುದು ಕೆಡುತ್ತದೆ ಎಂದು ದಿನಾ ಕಣ್ಣಾರೆ ನೋಡುವ ಜಾಗ ಅದು. 1959ರ ಸ್ಲೀಪಿಂಗ್ ಬ್ಯೂಟಿಯವರೆಗೂ ಹಲವು ಚಿತ್ರಗಳಲ್ಲಿ ತಕಮೊಟೊ ದುಡಿದರು.

1961ರಲ್ಲಿ ಹ್ಯಾನಾ-ಬಾರ್ಬೆರಾಕ್ಕೆ ಬಂದರು. ಅತಿ ನಯವಾದ ಕೆಲಸದಿಂದ ಅತಿ ಆತುರದ ಕೆಲಸಕ್ಕೆ! 1962ರಲ್ಲಿ ಅವರ ಕೈಯಿಂದ ಜೆಟ್ಸನ್ಸ್ ಕಾರ್ಟೂನಿನ ಆ್ಯಸ್ಟ್ರೋ ಎಂಬ ನಾಯಿ ಬಂತು. 1968ರಲ್ಲಿ ಕಾರ್ ರೇಸಿನ ಕಾರ್ಟೂನ್‌ಗೆ ಡಿಕ್ ಡ್ಯಾಸ್ಟರ್ಡ್ಲಿ, ಕಿಸಿಕಿಸಿ ನಗುವ ಮಟ್ಲಿ, ಪೆನೆಲೊಪಿ ಪಿಟ್‌ಸ್ಟಾಪ್ ಬಂದರು. ಮರುವರ್ಷ, 1969ರ ಸೆಪ್ಟೆಂಬರ್ 13ರಂದು, ಸಿಬಿಎಸ್ ಚಾನೆಲ್‌ನಲ್ಲಿ ಸ್ಕೂಬಿ-ಡೂ ಬಂದ.

ಸ್ಕೂಬಿ ಗ್ರೇಟ್ ಡೇನ್ ಜಾತಿಯ ನಾಯಿ. ಅದೇ ಸ್ಟುಡಿಯೋದಲ್ಲಿ ಈ ಜಾತಿಯ ನಾಯಿ ಸಾಕುವವರೊಬ್ಬರು ಇದ್ದರು. ತಕಮೊಟೊ ಆ ಸಹೋದ್ಯೋಗಿಯ ಬಳಿ ಹೋಗಿ ಕೂತು, ಬಹುಮಾನ ಗೆಲ್ಲುವ ಗ್ರೇಟ್ ಡೇನ್ ಹೇಗಿರಬೇಕು ಎಂದು ಕೇಳಿಕೊಂಡರು. ಬೆನ್ನು ನೆಟ್ಟಗೆ, ಕಾಲು ನೆಟ್ಟಗೆ, ಗದ್ದ ಸಣ್ಣದು ಎಂದೆಲ್ಲ ತಿಳಿಯಿತು. ವಾಪಸ್ ಬಂದು ಅದಕ್ಕೆ ಪೂರ್ತಿ ಉಲ್ಟಾ ಬಿಡಿಸಿದರು. ಬೆನ್ನು ಗೂನು, ಕಾಲು ಸೊಟ್ಟ, ಗದ್ದ ದೊಡ್ಡದು. ಬಣ್ಣವೂ ತಪ್ಪು.

ಇದರಲ್ಲಿ ಎರಡು ಪಾಠ ಅಡಗಿವೆ. ತಪ್ಪು ಮಾಡಬೇಕೆಂದರೂ ಮೊದಲು ಸರಿ ಯಾವುದೆಂದು ವಿಚಾರಿಸಿದರು. ಸುಮ್ನೆ ಸೊಟ್ಟಪಟ್ಟ ನಾಯಿ ಬಿಡಿಸಿದ್ದರೆ ಅದು ಯಾವುದೋ ನಾಯಿ ಆಗುತ್ತಿತ್ತು. ಗ್ರೇಟ್ ಡೇನ್ ಹೇಗಿರಬೇಕೋ ಅದಕ್ಕೆ ಸರಿಯಾಗಿ ಉಲ್ಟಾ ಇರುವ ನಾಯಿ ಸ್ಕೂಬಿ ಮಾತ್ರ. ಇನ್ನೊಂದು, ಆ ಸೊಟ್ಟತನ ಕತೆಗೆ ಬೇಕಾಗಿತ್ತು. ಸ್ಕೂಬಿ ದೆವ್ವ ಕಂಡರೆ ನಡುಗುವವನು, ಮೇಜಿನ ಕೆಳಗೆ ನುಸುಳುವವನು, ಗೆಳೆಯ ಶ್ಯಾಗಿಯ ತೋಳಿಗೆ ಹಾರುವವನು. ನೆಟ್ಟಗೆ ನಿಂತ ಬಹುಮಾನದ ನಾಯಿಗೆ ಹೆದರಿಕೆ ಒಪ್ಪುವುದಿಲ್ಲ. ಬಾಗಿದ ಬೆನ್ನು ನಿಂತಲ್ಲೇ ಅರ್ಧ ಹೆದರಿರುತ್ತದೆ. ಅಷ್ಟು ಚಲನೆ ಉಳಿತಾಯವಾಯಿತು ಅಲ್ವಾ?

ಜೊತೆಗಿದ್ದ ನಾಲ್ವರನ್ನೂ ನೋಡಿ. ಫ್ರೆಡ್ (ಫ್ಲಿಂಟ್‌ಸ್ಟೋನ್ ಅಲ್ಲ, ಇವನು ಬೇರೆ) ಅಗಲ ಭುಜದ ಚೌಕ. ವೆಲ್ಮಾ ಗಿಡ್ಡ, ಕಿತ್ತಳೆ ಬಣ್ಣದ ಸ್ವೆಟರ್, ದಪ್ಪ ಕನ್ನಡಕ. ಡ್ಯಾಫ್ನಿ ನೇರಳೆ ಬಣ್ಣದ ತೆಳು ಬಳ್ಳಿ. ಶ್ಯಾಗಿ ಹಸಿರು ಅಂಗಿಯೊಳಗೆ ಜೋಲುವ ಕೋಲು. ಐವರೂ ಒಟ್ಟಿಗೆ ಕತ್ತಲ ಓಣಿಯಲ್ಲಿ ಓಡಿದರೂ ಯಾರು ಯಾರೆಂದು ಗೊಂದಲ ಆಗುವುದಿಲ್ಲ. ಸಣ್ಣ ಪರದೆಯ ಟಿವಿಗೆ ಇದು ಅಲಂಕಾರ ಅಲ್ಲ, ಅಗತ್ಯ. ಅಂದ ಹಾಗೆ, ಸ್ಕೂಬಿಯ ಕೊರಳಲ್ಲೂ ಒಂದು ನೀಲಿ ಪಟ್ಟಿ ಇದೆ.

ಇದೇ ಹೊತ್ತಿನಲ್ಲಿ ಅದೇ ಸ್ಟುಡಿಯೋಗೆ ಕಾಮಿಕ್ಸ್ ಲೋಕದಿಂದ ಬಂದ ಅಲೆಕ್ಸ್ ಟಾತ್ ಬೇರೆ ದಾರಿ ಹಿಡಿದಿದ್ದರು. 1966ರ ಸ್ಪೇಸ್ ಗೋಸ್ಟ್ ಎಂಬ ಸಾಹಸ ಕಾರ್ಟೂನಿನ ವೀರ ಅವರದು. ಸಾಹಸದ ವೀರರಿಗೆ ನಿಜವಾದ ಮನುಷ್ಯರ ಮೈಕಟ್ಟು ಬೇಕು, ಆದರೆ ಮಾಂಸಖಂಡ ತುಂಬ ಗೆರೆ ಕೇಳುತ್ತದೆ. ಟಾತ್ ಬೇಡದ ಗೆರೆಗಳನ್ನೆಲ್ಲ ಕಿತ್ತುಹಾಕಿ, ತಲೆಗೆ ಕಪ್ಪು ಮುಸುಕು ಹಾಕಿ ಕೂದಲನ್ನೇ ಇಲ್ಲವಾಗಿಸಿದರು.

ತಕಮೊಟೊ ಮುಂದೆ ಆ ಸ್ಟುಡಿಯೋದಲ್ಲಿ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು. 1973ರಲ್ಲಿ ಇನ್ನೊಬ್ಬರ ಜೊತೆ ಸೇರಿ ಒಂದು ಪೂರ್ಣಾವಧಿ ಚಿತ್ರ ನಿರ್ದೇಶಿಸಿದರು. 1996ರಲ್ಲಿ ಅನಿಮೇಷನ್ ಲೋಕದ ಜೀವಮಾನ ಸಾಧನೆಗೆ ಕೊಡುವ ವಿನ್ಸರ್ ಮೆಕ್‌ಕೇ ಪ್ರಶಸ್ತಿ ಬಂತು. 2007ರ ಜನವರಿ 8ರಂದು, 81ನೇ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲೇ ತೀರಿಕೊಂಡರು. ಬೆನೆಡಿಕ್ಟ್ ಮತ್ತು ಟಾತ್ ಅದಕ್ಕೂ ಹಿಂದಿನ ವರ್ಷವೇ ಹೋಗಿದ್ದರು. ಸ್ಕೂಬಿಯನ್ನು ಗುರುತು ಹಿಡಿಯುವ ಕೋಟ್ಯಂತರ ಜನರಲ್ಲಿ ಎಷ್ಟು ಮಂದಿಗೆ ತಕಮೊಟೊ ಹೆಸರು ಗೊತ್ತು? ಸ್ಟುಡಿಯೋದ ಸಂಬಳದಲ್ಲಿದ್ದು ಬಿಡಿಸಿದ ಪಾತ್ರ ಕಾನೂನಿನ ಪ್ರಕಾರ ಸ್ಟುಡಿಯೋದ ಸ್ವತ್ತು. ಆಟಿಕೆ, ಅಂಗಿ, ಹೊಸ ಸಿನಿಮಾ ಬಂದಾಗಲೆಲ್ಲ ಬಿಡಿಸಿದವರಿಗೆ ಪಾಲು ತಾನಾಗಿ ಸಿಗುವುದಿಲ್ಲ. ಈ ವೃತ್ತಿಗೆ ಬರುವವರಿಗೆ ಇದನ್ನು ಮೊದಲೇ ಹೇಳಬೇಕು. ಆಮೇಲೆ ತಿಳಿದರೆ ತುಂಬ ನೋವಾಗುತ್ತದೆ. ನಿಮ್ಮದೇ ಆಗಿ ಉಳಿಯಬೇಕಾದ ಪಾತ್ರವನ್ನು ನಿಮ್ಮ ಸಮಯದಲ್ಲಿ, ನಿಮ್ಮ ಹೆಸರಲ್ಲಿ ಬೇರೆಯಾಗಿ ಬೆಳೆಸಿಕೊಳ್ಳಿ. ಸಹಿ ಹಾಕುವ ಮೊದಲು ಒಪ್ಪಂದ ಓದಿ.

ಈಗ ಕೆಲಸ ಹೇಗೆ ನಡೆಯುತ್ತದೆ

ಒಂದು ಧಾರಾವಾಹಿಯ ಮುಖ್ಯ ಪಾತ್ರಗಳು ಶುರುವಿನಲ್ಲೇ ತಯಾರಾಗಿರುತ್ತವೆ. ಹಾಗಾದರೆ ಆಮೇಲೆ ಏನು ಕೆಲಸ? ಬಹಳ ಇದೆ. ಪ್ರತಿ ಕಂತಿನ ಕತೆ ಬಂದಾಗ ಅದರಿಂದ ಒಂದು ಪಟ್ಟಿ ಹೊರಡುತ್ತದೆ. ಈ ಸಲ ಒಬ್ಬ ಅಂಚೆಯವನು ಬೇಕು, ಏಳು ಜನರ ಗುಂಪು ಬೇಕು, ನಾಯಕಿ ಮಳೆಯಲ್ಲಿ ನೆನೆದಿರಬೇಕು, ಅಜ್ಜ ಚಿಕ್ಕ ಹುಡುಗನಾಗಿದ್ದಾಗ ಹೇಗಿದ್ದ ಎಂದು ತೋರಿಸಬೇಕು. ಒಂದೊಂದಕ್ಕೂ ಮೂರು ನಾಲ್ಕು ಒರಟು ಚಿತ್ರ ಬಿಡಿಸುತ್ತಾರೆ. ಆರ್ಟ್ ಡೈರೆಕ್ಟರ್ ಒಂದನ್ನು ಆರಿಸಿ ತಿದ್ದುಪಡಿ ಹೇಳುತ್ತಾರೆ. ಅದನ್ನು ತಿದ್ದಿ, ಸ್ವಚ್ಛ ಮಾಡಿ, ಟರ್ನ್‌ಅರೌಂಡ್ ಬಿಡಿಸಿ ಕಳಿಸುವಷ್ಟರಲ್ಲಿ ಮುಂದಿನ ಕಂತಿನ ಪಟ್ಟಿ ಬಂದಿರುತ್ತದೆ. ಗುಂಪಿನಲ್ಲಿ ನಿಲ್ಲುವ ಆ ಏಳು ಜನ ಮೂರು ಸೆಕೆಂಡ್ ಕಾಣಬಹುದು. ಆದರೂ ಅದೇ ಲೋಕದ ಜನರಂತೆ ಕಾಣಬೇಕು. ನಾಯಕನಿಗಿಂತ ಕಣ್ಣು ಸೆಳೆಯಬಾರದು. ಇದು ಹೇಳಿದಷ್ಟು ಸುಲಭ ಅಲ್ಲ.

ಈ ಕುರ್ಚಿಗೆ ಯಾರೂ ನೇರವಾಗಿ ಬಂದು ಕೂರುವುದು ಕಡಿಮೆ. ಹಲವರು ಕ್ಲೀನ್‌ಅಪ್‌ನಿಂದ ಬರುತ್ತಾರೆ. ಕೆಲವರು ಪ್ರಾಪ್ ಬಿಡಿಸುತ್ತಾ ಶುರು ಮಾಡುತ್ತಾರೆ, ಅಂದರೆ ಕೊಡೆ, ಬುಟ್ಟಿ, ಸೈಕಲ್ ಇತ್ಯಾದಿ. ಸ್ಟೋರಿಬೋರ್ಡ್‌ನಿಂದ, ಅಂದರೆ ಕತೆಯನ್ನು ಸಾಲು ಚಿತ್ರಗಳಲ್ಲಿ ಬಿಡಿಸುವ ಕೆಲಸದಿಂದ, ಬಂದವರೂ ಇದ್ದಾರೆ. ಅನುಭವ ಬೆಳೆದಂತೆ ತಂಡದ ಮುಖ್ಯಸ್ಥರಾಗಿ, ಆಮೇಲೆ ಆರ್ಟ್ ಡೈರೆಕ್ಟರ್ ಆಗುವ ದಾರಿ ಇದೆ. ಕೆಲಸ ಬಹುಪಾಲು ಸೀಸನ್ ಲೆಕ್ಕದಲ್ಲಿ. ಸೀಸನ್ ಮುಗಿದರೆ ಮುಂದಿನದು ಬರುವವರೆಗೆ ಖಾಲಿ, ಅಥವಾ ಬೇರೆ ಸ್ಟುಡಿಯೋ. ಹಾಗಾಗಿ ಒಬ್ಬರದೇ ಶೈಲಿ ಹಿಡಿದು ಕೂತವರಿಗೆ ಕಷ್ಟ. ಈ ವರ್ಷ ಚೂಪು ಕೋನದ ಪಾತ್ರ, ಮುಂದಿನ ವರ್ಷ ಹಿಟ್ಟಿನ ಉಂಡೆಯಂಥ ಪಾತ್ರ. ಎರಡನ್ನೂ ಸ್ವಂತದ್ದೆಂಬಂತೆ ಬಿಡಿಸಬೇಕು.

ಸೆಲ್ ಹಾಳೆಗಳ ಕಾಲ ಮುಗಿದಿದೆ. ಸಿಂಪ್ಸನ್ಸ್ ಕೂಡ 2002ರಲ್ಲಿ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬುವ ವಿಧಾನಕ್ಕೆ ಬದಲಾಯಿತು. ಈಗ ಎಷ್ಟೋ ಟಿವಿ ಕಾರ್ಟೂನ್‌ಗಳು ರಿಗ್ ಎಂಬ ಪದ್ಧತಿಯಲ್ಲಿ ನಡೆಯುತ್ತವೆ. ಟೂನ್ ಬೂಮ್ ಹಾರ್ಮನಿಯಂಥ ಸಾಫ್ಟ್‌ವೇರ್‌ನಲ್ಲಿ ಪಾತ್ರವನ್ನು ತೊಗಲುಗೊಂಬೆಯ ಹಾಗೆ ತುಂಡು ತುಂಡಾಗಿ ಜೋಡಿಸುತ್ತಾರೆ. ಮೇಲ್ತೋಳು, ಮುಂದೋಳು, ಅಂಗೈ ಬೇರೆ ಬೇರೆ. ಕೀಲಿನಲ್ಲಿ ತಿರುಗಿಸಿದರೆ ಕೈ ಆಡುತ್ತದೆ. ಆಗ ಮತ್ತೆ ಹಳೆಯ ಪ್ರಶ್ನೆಯೇ ಎದುರಾಗುತ್ತದೆ. ಎರಡು ತುಂಡು ಸೇರುವ ಜಾಗವನ್ನು ಎಲ್ಲಿ ಅಡಗಿಸುವುದು? ಉತ್ತರವೂ ಹಳೆಯದೇ. ತೋಳಿನ ಅಂಚು, ಮುಂಗೈ ಪಟ್ಟಿ, ಬೆಲ್ಟ್, ಸ್ಕಾರ್ಫ್, ಕಾಲರ್. ಹೊಸ ಕಾರ್ಟೂನ್ ನೋಡುವಾಗ ಪಾತ್ರದ ಬಟ್ಟೆಯ ಅಂಚುಗಳ ಮೇಲೆ ಕಣ್ಣಿಡಿ. ಬೆನೆಡಿಕ್ಟ್ ಅಲ್ಲೇ ಎಲ್ಲೋ ಸಿಗುತ್ತಾರೆ.

ಈ ಕೆಲಸಕ್ಕೆ ಬರಬೇಕೆಂದು ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಚಿತ್ರಗಳ ಮಾದರಿ ಕಟ್ಟು, ಕಟ್ಟುವವರು ಹೆಚ್ಚಾಗಿ ಮಾಡುವ ತಪ್ಪು ಒಂದಿದೆ. ಬೆಳಕು, ನೆರಳು, ಹಿನ್ನೆಲೆ ಎಲ್ಲ ತುಂಬಿದ ಬೆರಗಿನ ಚಿತ್ರಗಳನ್ನೇ ಇಡುತ್ತಾರೆ. ಅವು ಚಂದ ಇರುತ್ತವೆ. ಆದರೆ ನೋಡುವವರಿಗೆ ಬೇಕಾದದ್ದು ಬೇರೆ. ಒಂದೇ ಲೋಕಕ್ಕೆ ಸೇರಿದ ಐದಾರು ಪಾತ್ರ ಒಟ್ಟಿಗೆ ನಿಂತಿರುವುದು ಬೇಕು. ಟರ್ನ್‌ಅರೌಂಡ್ ಬೇಕು. ಒಂದೇ ಪಾತ್ರದ ಹತ್ತು ಮುಖ ಬೇಕು. ಬೇರೆ ಯಾರದೋ ಶೈಲಿಯಲ್ಲಿ ನೀವು ಹೊಸ ಪಾತ್ರ ಬಿಡಿಸಬಲ್ಲಿರಿ ಎಂಬ ಪುರಾವೆ ಬೇಕು. ಎಷ್ಟೋ ಸ್ಟುಡಿಯೋಗಳು ಕೆಲಸ ಕೊಡುವ ಮೊದಲು ಪರೀಕ್ಷೆ ಇಡುವುದೂ ಇದಕ್ಕೇ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಒಂದು ಪಾತ್ರ ಮಾಡಿ, ಅದರ ಮಾಡೆಲ್ ಶೀಟ್ ತಯಾರಿಸಿ. ಚಿತ್ರ ಬಿಡಿಸುವ ಸ್ನೇಹಿತರೊಬ್ಬರಿಗೆ ಆ ಹಾಳೆ ಕೊಟ್ಟು, ಈ ಪಾತ್ರ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಿರುವ ಹಾಗೆ ಬಿಡಿಸಿ ಎನ್ನಿ. ಪಕ್ಕದಲ್ಲಿ ಕೂತಿರಿ, 10 ನಿಮಿಷ ಏನೂ ಮಾತಾಡಬೇಡಿ. ಅವರ ಪೆನ್ಸಿಲ್ ಎಲ್ಲಿ ತಡೆದು ನಿಲ್ಲುತ್ತದೆ ಎಂದು ಮಾತ್ರ ನೋಡಿ. ಜಡೆ ಬೆನ್ನಿಗೆ ಎಲ್ಲಿ ತಾಗುತ್ತದೆ ಎಂದು ಯೋಚಿಸುತ್ತಿದ್ದಾರೆಯೇ? ಚಪ್ಪಲಿಯ ಹಿಂಬದಿ ಹೇಗಿದೆ ಎಂದು ಹಾಳೆ ತಿರುವಿ ಹುಡುಕುತ್ತಿದ್ದಾರೆಯೇ? ಆ ಜಾಗಗಳನ್ನು ಗುರುತು ಹಾಕಿಕೊಂಡು ಮನೆಗೆ ಬನ್ನಿ, ಹಾಳೆ ತಿದ್ದಿ. ಮುಂದಿನ ವಾರ ಇನ್ನೊಬ್ಬರಿಗೆ ಕೊಡಿ.